ಒಳಗಿನ ಹೊತ್ತು, ಗೋಡೆಯ ಗಂಟೆ

(ಕಳೆದ ತಿಂಗಳು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಂದು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ನಡುವೆ ಕರೆಂಟ್ ಹೋದದ್ದನ್ನೂ ಹಾಗೇ ಬಿಟ್ಟಿದ್ದೇನೆ, ಅದು ಮಾತಿಗೆ ಉಪಕಾರವನ್ನೇ ಮಾಡಿತು.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಪಿಯು ಹುಡುಗರಿಗೆ ಜೀವಶಾಸ್ತ್ರ ಹೇಳಿಕೊಟ್ಟವನು. ಬೆಳಗ್ಗೆ ಎಂಟಕ್ಕೆ ಮೊದಲ ಪೀರಿಯಡ್ಡು. ಹಿಂದಿನ ಬೆಂಚಿನಲ್ಲಿ ಇಬ್ಬರು ಮೂವರು ಯಾವಾಗಲೂ ತೂಕಡಿಸುತ್ತಿದ್ದರು. ನಾನು ಚಾಕ್‌ಪೀಸ್ ಎಸೆಯುತ್ತಿದ್ದೆ. "ರಾತ್ರಿಯೆಲ್ಲ ಅದೇನು ಕಡಿದು ಕಟ್ಟೆ ಹಾಕಿದೆಯೋ?" ಅಂತ ಕೇಳುತ್ತಿದ್ದೆ, ಇಡೀ ಕ್ಲಾಸು ನಗುತ್ತಿತ್ತು. ತಮಾಷೆ ಏನೆಂದರೆ, ಎಷ್ಟೋ ಸಲ ಆ ಹೊತ್ತಿಗೆ ನಾನು ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆದು ಹೈಪೊಥಲಾಮಸ್ ಅಂತ ಹೆಸರು ಗುರುತಿಸುತ್ತಿರುತ್ತಿದ್ದೆ, ಆ ಹುಡುಗ ತೂಕಡಿಸುತ್ತಿದ್ದ ಕಾರಣದಲ್ಲಿ ಅರ್ಧ ಪಾಲು ಅದೇ ಹೈಪೊಥಲಾಮಸ್‌ನ ಒಂದು ಮೂಲೆಯಲ್ಲಿತ್ತು. ನನಗೆ ಗೊತ್ತಿರಬೇಕಿತ್ತು. ಪಠ್ಯದಲ್ಲಿ ಇರಲಿಲ್ಲ ಅನ್ನೋದು ಸುಮ್ನೆ ನೆಪ.

ಅದಕ್ಕೇ ಇವತ್ತು ಮೈಯೊಳಗಿನ ಗಡಿಯಾರದ ಈ ವಿಷಯ ಹಿಡಿದುಕೊಂಡೆ. ನಾವು ಯಾವಾಗ ಮಲಗುತ್ತೇವೆ, ಯಾವಾಗ ಏಳುತ್ತೇವೆ ಅನ್ನೋದನ್ನ ನಮ್ಮಲ್ಲಿ ಗುಣದ ಲೆಕ್ಕಕ್ಕೆ ಹಾಕುತ್ತಾರೆ. ಬೇಗ ಎದ್ದವನು ಶ್ರದ್ಧಾವಂತ, ತಡವಾಗಿ ಎದ್ದವನು ಸೋಂಬೇರಿ. ಇದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ಮೊಬೈಲ್ ಹಿಡಿದು ಎರಡು ಗಂಟೆ ತನಕ ಕೂರೋದು ನಮ್ಮದೇ ಕೆಲಸ. ಆದರೆ ಮುಕ್ಕಾಲು ಪಾಲು ಈ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ನಮ್ಮ ಭಾಷೆಯಲ್ಲಿ ಹೊತ್ತು ಅನ್ನೋ ಮಾತಿದೆಯಲ್ಲ, ಅದನ್ನ ಸ್ವಲ್ಪ ಗಮನಿಸಿ. ಹೊತ್ತಾಯಿತು ಅಂದರೆ ಸಮಯವಾಯಿತು. ಹೊತ್ತು ಮುಳುಗಿತು ಅಂದರೆ ಸೂರ್ಯ ಮುಳುಗಿದ. ಸಮಯಕ್ಕೂ ಸೂರ್ಯನಿಗೂ ಒಂದೇ ಪದ. ನಮ್ಮಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಆದರೆ ಹೊತ್ತು ಗೊತ್ತಿತ್ತು. ಈ ಗೋಡೆಯ ಮೇಲಿನ ಗಂಟೆ ಇದೆಯಲ್ಲ, ಅದು ನಮ್ಮೂರಿನ ಸಮಯವೇ ಅಲ್ಲ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖೆಯ ಸಮಯ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂತ ಲೆಕ್ಕ ಹಾಕಿದರೆ ಬೆಂಗಳೂರಿನ ಸೂರ್ಯ ಆ ಗಂಟೆಗಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ, ಮಂಗಳೂರಿನ ಸೂರ್ಯ ಸುಮಾರು ಅರ್ಧ ಗಂಟೆ ಹಿಂದೆ. ನಮ್ಮ ಮೈ ಮಿರ್ಜಾಪುರವನ್ನ ನೋಡಿಲ್ಲ. ಅದಕ್ಕೆ ಗೊತ್ತಿರೋದು ನಮ್ಮ ಕಿಟಕಿಯ ಬೆಳಕು ಮಾತ್ರ.

ಕೋಳಿಯಿಂದ ಶುರು ಮಾಡೋಣ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗೋದು ಅಂತ ಜಂಬ ಪಟ್ಟ ಮುದುಕಿಯ ಕತೆ ನಿಮಗೆಲ್ಲ ಗೊತ್ತು. ಬೆಳಗಾದದ್ದಕ್ಕೆ ಕೋಳಿ ಕೂಗೋದು, ಕೋಳಿ ಕೂಗಿದ್ದಕ್ಕೆ ಬೆಳಗಾಗೋದಲ್ಲ ಅಂತ ನಾವು ನಕ್ಕು ಸುಮ್ಮನಾಗಿದ್ದೆವು. ಆದರೆ 2013ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ಹುಂಜಗಳನ್ನ ಹಗಲು ರಾತ್ರಿಯ ವ್ಯತ್ಯಾಸವೇ ಗೊತ್ತಾಗದ ಮಬ್ಬು ಬೆಳಕಿನ ಕೋಣೆಯಲ್ಲಿ ಇಟ್ಟು ನೋಡಿದರು. ಬೆಳಗಿನ ಸುಳಿವೇ ಇಲ್ಲ, ಆದರೂ ಹೆಚ್ಚುಕಡಿಮೆ ದಿನಕ್ಕೊಮ್ಮೆ ತಮ್ಮ ಹೊತ್ತಿಗೆ ಸರಿಯಾಗಿ ಕೂಗಿದವು. ಮಾಮೂಲಿ ದಿನಗಳಲ್ಲೂ ಅವು ಬೆಳಕು ಬರೋದಕ್ಕೆ ಸುಮಾರು ಎರಡು ಗಂಟೆ ಮೊದಲೇ ಶುರು ಮಾಡುತ್ತವೆ. ಅಂದರೆ ಕೋಳಿ ಬೆಳಗಾದದ್ದನ್ನ ನೋಡಿ ಕೂಗುತ್ತಿಲ್ಲ, ಇನ್ನೇನು ಆಗುತ್ತೆ ಅಂತ ಲೆಕ್ಕ ಹಾಕಿ ಕೂಗುತ್ತಿದೆ. ಇನ್ನೊಂದು ಮಜಾ ಇದೆ. ಗುಂಪಿನಲ್ಲಿ ಯಜಮಾನ ಹುಂಜ ಮೊದಲು ಕೂಗಬೇಕು, ಉಳಿದವು ಅಂತಸ್ತಿನ ಪ್ರಕಾರ ಆಮೇಲೆ. ಅದನ್ನೂ ಅದೇ ಜಪಾನಿನವರು ಎರಡು ವರ್ಷ ಬಿಟ್ಟು ತೋರಿಸಿದರು. ನಮ್ಮ ಸಭೆಗಳಲ್ಲಿ ಭಾಷಣದ ಸರದಿ ಇದ್ದಹಾಗೆ.

ಇದು ಪ್ರಾಣಿಗಳಿಗೆ ಮಾತ್ರ ಇರೋ ಬುದ್ಧಿ ಅಲ್ಲ. ಹುಣಸೆ ಮರದ ಎಲೆ ಸಂಜೆ ಮಡಚಿಕೊಳ್ಳೋದನ್ನ ನೋಡಿರುತ್ತೀರಿ. ಅಲೆಕ್ಸಾಂಡರನ ಸೇನೆಯಲ್ಲಿದ್ದ ಆಂಡ್ರೋಸ್ಥಿನಿಸ್ ಅನ್ನೋನು ಈಗಿನ ಬಹ್ರೇನ್ ದ್ವೀಪದಲ್ಲಿ ಅದನ್ನ ನೋಡಿ ಬರೆದಿಟ್ಟಿದ್ದ, ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ. ಸೂರ್ಯ ಹೋದ, ಎಲೆ ಮುಚ್ಚಿತು, ಅದರಲ್ಲೇನಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. 1729ರಲ್ಲಿ ಫ್ರಾನ್ಸಿನ ದ ಮೈರಾನ್ ಮುಟ್ಟಿದರೆ ಮುನಿ ಗಿಡವನ್ನ ಕತ್ತಲಲ್ಲಿ ಇಟ್ಟರು. ಸೂರ್ಯನೇ ಇಲ್ಲದ ಕಡೆಯೂ ಅದು ಹಗಲಿಗೆ ಎಲೆ ಬಿಚ್ಚಿತು, ರಾತ್ರಿಗೆ ಮುಚ್ಚಿತು. ಆ ಮನುಷ್ಯನ ಕಸುಬು ಖಗೋಳಶಾಸ್ತ್ರ. ಗಿಡದೊಳಗೇ ಒಂದು ಗಡಿಯಾರ ಇರಬಹುದು ಅಂತ ಅವರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಈ ವಿಜ್ಞಾನ ಶುರುವಾದದ್ದು ಆ ಕುಂಡದಿಂದ.

ಸರಿ, ಮನುಷ್ಯನನ್ನ ಕತ್ತಲಲ್ಲಿ ಇಟ್ಟರೆ? ಅದನ್ನೂ ಮಾಡಿದರು. ಮಿಶೆಲ್ ಸಿಫ್ರ್ ಅಂತ ಒಬ್ಬ ಫ್ರೆಂಚ್ ಹುಡುಗ, ಇಪ್ಪತ್ತಮೂರು ವಯಸ್ಸು, ಭೂವಿಜ್ಞಾನ ಓದಿದವನು. 1962ರ ಜುಲೈಯಲ್ಲಿ ಆಲ್ಪ್ಸ್ ಪರ್ವತದ ಒಂದು ಹಿಮದ ಗುಹೆಗೆ ಇಳಿದ. ಕೈಯಲ್ಲಿ ಗಡಿಯಾರ ಇಲ್ಲ, ರೇಡಿಯೊ ಇಲ್ಲ. ಮೇಲಿದ್ದ ಗೆಳೆಯರಿಗೆ ಒಂದು ಫೋನು, ಅದೂ ಇವನೇ ಮಾಡಬೇಕು, ಅವರು ಮಾಡುವಂತಿಲ್ಲ. ಎದ್ದಾಗ, ಉಂಡಾಗ, ಮಲಗುವಾಗ ಫೋನು ಮಾಡಿ ಹೇಳುತ್ತಿದ್ದ. ಒಳಗೆ ಚಳಿ, ಒದ್ದೆ, ಆಗಾಗ ಮಂಜುಗಡ್ಡೆ ಉರುಳುವ ಸದ್ದು. ಒಂದೊಂದು ಸಲ ಪರೀಕ್ಷೆಗೆ ಅಂತ ಒಂದರಿಂದ ನೂರಿಪ್ಪತ್ತರ ತನಕ, ಸೆಕೆಂಡಿಗೆ ಒಂದರಂತೆ ಎಣಿಸುತ್ತಿದ್ದ. ಎರಡು ನಿಮಿಷ ಆಗಬೇಕಲ್ವಾ? ಮೇಲಿದ್ದವರ ಗಡಿಯಾರದಲ್ಲಿ ಐದು ನಿಮಿಷ ಆಗುತ್ತಿತ್ತು. ಸೆಪ್ಟೆಂಬರ್ 14ಕ್ಕೆ ಅವನನ್ನ ಹೊರಗೆ ಕರೆದಾಗ ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಮನಸ್ಸಿನ ಲೆಕ್ಕದಿಂದ ಮೂರು ವಾರಕ್ಕಿಂತ ಜಾಸ್ತಿ ಕಳೆದುಹೋಗಿತ್ತು. ಆದರೆ ಅವನ ಫೋನುಗಳನ್ನ ಬರೆದಿಟ್ಟುಕೊಂಡವರು ನೋಡಿದರೆ ಮೈಯ ಲೆಕ್ಕ ತಪ್ಪಿರಲಿಲ್ಲ. ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಗೊಮ್ಮೆ ಮಲಗಿ ಎದ್ದಿದ್ದ.

ನನಗೆ ಈ ಪ್ರಯೋಗ ತುಂಬ ಇಷ್ಟ, ಯಾಕಂದರೆ ಎರಡು ಬೇರೆ ಬೇರೆ ಗಡಿಯಾರ ಇರೋದು ಇದರಲ್ಲಿ ಕಣ್ಣಿಗೆ ಕಾಣುತ್ತೆ. ಎಷ್ಟು ಹೊತ್ತಾಯಿತು ಅಂತ ಮನಸ್ಸು ಅಂದಾಜು ಮಾಡೋದು ಒಂದು, ಅದನ್ನ ನಂಬೋ ಹಾಗಿಲ್ಲ. ನಮ್ಮನ್ನ ಕೇಳದೆ ಒಳಗೆ ನಡೆಯೋದು ಇನ್ನೊಂದು. ಆಮೇಲೆ ಬಂದವರು ಬೆಳಕನ್ನ ತುಂಬ ಹುಷಾರಾಗಿ ನಿಯಂತ್ರಿಸಿ ಅಳೆದರು. 1999ರಲ್ಲಿ ಅಮೆರಿಕದ ಚಾರ್ಲ್ಸ್ ಸೈಸ್ಲರ್ ತಂಡ ಕೊಟ್ಟ ಸರಾಸರಿ 24 ಗಂಟೆ 11 ನಿಮಿಷ. ಹನ್ನೊಂದು ನಿಮಿಷ ಏನು ಮಹಾ ಅನ್ನಬೇಡಿ. ದಿನಾ ಹನ್ನೊಂದು ನಿಮಿಷ ಹಿಂದೆ ಬೀಳುವ ಗಡಿಯಾರ ತಿಂಗಳಿಗೆ ಐದೂವರೆ ಗಂಟೆ ಹಿಂದೆ ಬೀಳುತ್ತೆ. ಅದಕ್ಕೇ ಅದನ್ನ ದಿನಾ ಯಾರಾದರೂ ಸರಿ ಮಾಡಬೇಕು. ಯಾರು ಅಂತ ಆಮೇಲೆ ಹೇಳುತ್ತೇನೆ.

ಗಡಿಯಾರದ ಒಳಗೆ ಏನಿದೆ ಅಂತ ಗೊತ್ತಾದದ್ದು ನೊಣದಿಂದ. ಬಾಳೆಹಣ್ಣು ಕಳಿತಾಗ ಮುತ್ತುತ್ತವಲ್ಲ, ಆ ಪುಟ್ಟ ಹಣ್ಣಿನ ನೊಣ. 1971ರಲ್ಲಿ ರೊನಾಲ್ಡ್ ಕೊನೋಪ್ಕಾ ಮತ್ತು ಅವರ ಗುರು ಸೈಮೂರ್ ಬೆಂಜರ್ ಗಡಿಯಾರ ಕೆಟ್ಟುಹೋದ ಮೂರು ಬಗೆಯ ನೊಣ ಹುಡುಕಿದರು. ಒಂದಕ್ಕೆ ದಿನ ಅಂದರೆ 19 ಗಂಟೆ, ಇನ್ನೊಂದಕ್ಕೆ 28 ಗಂಟೆ, ಮೂರನೆಯದಕ್ಕೆ ಲಯವೇ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಒಂದೇ ಜೀನು. ಆ ಜೀನಿನ ಬೆನ್ನು ಹತ್ತಿದ ಜೆಫ್ರಿ ಹಾಲ್, ಮೈಕಲ್ ರಾಸ್ಬಾಶ್, ಮೈಕಲ್ ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಕೊನೋಪ್ಕಾ ಅಷ್ಟರಲ್ಲಿ ತೀರಿಕೊಂಡು ಎರಡು ವರ್ಷ ಆಗಿತ್ತು.

ಅವರು ಕಂಡದ್ದನ್ನ ನಮ್ಮ ಓವರ್‌ಹೆಡ್ ಟ್ಯಾಂಕಿನ ಹಾಗೆ ಯೋಚಿಸಿ. ಮೋಟಾರು ಹಾಕುತ್ತೀರಿ, ನೀರು ಏರುತ್ತೆ, ತುಂಬಿದಾಗ ಒಳಗಿನ ಫ್ಲೋಟು ಮೋಟಾರನ್ನ ಆಫ್ ಮಾಡುತ್ತೆ. ನೀರು ನಿಧಾನ ಖರ್ಚಾಗುತ್ತೆ, ಖಾಲಿಯಾದಾಗ ಮೋಟಾರು ಮತ್ತೆ ಆನ್. ಜೀವಕೋಶದಲ್ಲೂ ಹಾಗೇ. ಜೀನು ಒಂದು ಪ್ರೋಟೀನು ಮಾಡಿಸುತ್ತೆ, ಅದು ರಾತ್ರಿಯೆಲ್ಲ ತುಂಬಿಕೊಳ್ಳುತ್ತೆ, ಸಾಕಷ್ಟು ಆದಾಗ ಹೋಗಿ ತನ್ನನ್ನ ಹುಟ್ಟಿಸಿದ ಜೀನನ್ನೇ ಮುಚ್ಚಿಸುತ್ತೆ. ಆಮೇಲೆ ಹಗಲಲ್ಲಿ ಕರಗುತ್ತೆ, ಜೀನು ಮತ್ತೆ ತೆರೆದುಕೊಳ್ಳುತ್ತೆ. ಒಂದು ಸುತ್ತಿಗೆ ಒಂದು ದಿನ. ಸೆಕೆ ಜಾಸ್ತಿಯಾದರೂ ಈ ಗಡಿಯಾರ ಜೋರಾಗಿ ಓಡೋದಿಲ್ಲ ಅನ್ನೋದು ನನಗಂತೂ ದೊಡ್ಡ ಆಶ್ಚರ್ಯ. ಮಾಮೂಲಿ ರಾಸಾಯನಿಕ ಕ್ರಿಯೆ ಹತ್ತು ಡಿಗ್ರಿ ಬಿಸಿ ಏರಿದರೆ ಎರಡು ಪಟ್ಟು ವೇಗವಾಗುತ್ತೆ. ಹಾಗಾಗಿದ್ದರೆ ರಾಯಚೂರಿನ ನೊಣಕ್ಕೂ ಮಡಿಕೇರಿಯ ನೊಣಕ್ಕೂ ದಿನದ ಉದ್ದ ಬೇರೆ ಆಗಬೇಕಿತ್ತು. ಆಗೋದಿಲ್ಲ.

ನೊಣದ ಮಾತು ಬಂದಾಗ ಬೆಂಗಳೂರಿನ ಜಕ್ಕೂರನ್ನ ಬಿಡೋ ಹಾಗಿಲ್ಲ. ಎಂ. ಕೆ. ಚಂದ್ರಶೇಖರನ್ ಅಂತ ಇದ್ದರು, ನಮ್ಮ ದೇಶದಲ್ಲಿ ಈ ವಿದ್ಯೆಯನ್ನ ಬೆಳೆಸಿದವರು. ಮದುರೈನಲ್ಲಿ ಬಹಳ ವರ್ಷ ಇದ್ದು ಬಾವಲಿಗಳ ಮೇಲೆ ಕೆಲಸ ಮಾಡಿ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಅವರ ತಂಡ ನೋಡಿದ ನೊಣಗಳು ಹಗಲು ರಾತ್ರಿ ಒಂದೇ ಸಮ ಬೆಳಕಲ್ಲಿ ಆರುನೂರು ತಲೆಮಾರು ಬದುಕಿದ್ದವು. ನಮ್ಮ ಲೆಕ್ಕಕ್ಕೆ ತಲೆಮಾರಿಗೆ ಇಪ್ಪತ್ತೈದು ವರ್ಷ ಅಂದುಕೊಂಡರೆ ಹದಿನೈದು ಸಾವಿರ ವರ್ಷ ರಾತ್ರಿಯನ್ನೇ ಕಾಣದ ವಂಶ. ಅವನ್ನ ಕತ್ತಲಿಗೆ ತಂದು ನೋಡಿದರೆ, ಬೆಳೆದ ನೊಣ ತನ್ನ ಗೂಡಿನ ಚಿಪ್ಪು ಒಡೆದು ಹೊರಬರುವ ಹೊತ್ತಿನ ಲಯ ಹಾಗೇ ಉಳಿದಿತ್ತು. 1999ರಲ್ಲಿ ಪ್ರಕಟವಾದ ಕೆಲಸ ಇದು. ಬೆಂಗಳೂರು ಅಂದರೆ ಬರೀ ಟ್ರಾಫಿಕ್ಕಿನ ಕತೆ ಹೇಳುವವರಿಗೆ ನಾನು ಇದನ್ನ ಹೇಳುತ್ತಿರುತ್ತೇನೆ.

ಈಗ ನಮ್ಮ ತಲೆಯೊಳಗೆ ಬರೋಣ. ಎರಡು ಕಣ್ಣಿನಿಂದ ಬರೋ ನರಗಳು ಮೆದುಳಿನ ಕೆಳಗೆ ಒಂದು ಕಡೆ ಅಡ್ಡ ಹಾಯುತ್ತವೆ. ಸರಿಯಾಗಿ ಅದರ ಮೇಲೆ, ಹೈಪೊಥಲಾಮಸ್‌ನಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಜೋಡಿ ಗಂಟು. ಎರಡರಲ್ಲೂ ಸೇರಿ ಸುಮಾರು ಇಪ್ಪತ್ತು ಸಾವಿರ ನರಕೋಶ. ಇದೇ ಮುಖ್ಯ ಗಡಿಯಾರ ಅಂತ ಗೊತ್ತಾದದ್ದು 1972ರಲ್ಲಿ, ಇಲಿಗಳಲ್ಲಿ. ಅದನ್ನ ತೆಗೆದರೆ ಇಲಿ ನಿದ್ದೆ ಮಾಡುತ್ತೆ, ಆದರೆ ಹೊತ್ತುಗೊತ್ತು ಇಲ್ಲದೆ, ತುಂಡು ತುಂಡಾಗಿ.

(ಇಲ್ಲಿಗೆ ಕರೆಂಟ್ ಹೋಯಿತು. ಯಾರೋ ಮೊಬೈಲ್ ಟಾರ್ಚ್ ಹಾಕಿದರು. ಆರಿಸಿ, ಎರಡು ನಿಮಿಷ ಹೀಗೇ ಕೂರೋಣ ಅಂದೆ.)

ಈಗ ಗಂಟೆ ಏಳೂ ಕಾಲು. ನಿಮ್ಮಜ್ಜಿಯ ಏಳೂ ಕಾಲು ಹೀಗಿತ್ತು. ಸೀಮೆಎಣ್ಣೆ ಬುಡ್ಡಿ, ಒಲೆಯ ಬೆಂಕಿ, ಎರಡೂ ಕೆಂಪು ಹಳದಿ. ನಮ್ಮ ಕಣ್ಣಿನಲ್ಲಿ ನೋಡುವ ಕೋಶಗಳ ಜೊತೆಗೆ ಇನ್ನೊಂದು ಬಗೆಯ ಕೋಶ ಇದೆ, ಕಣ್ಣಿನಿಂದ ಮೆದುಳಿಗೆ ಸುದ್ದಿ ಒಯ್ಯುವ ಕೋಶಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ ಒಂದು ಎರಡು ಅಷ್ಟೇ. ಅದಕ್ಕೆ ರೂಪ ಬೇಕಾಗಿಲ್ಲ, ಬಣ್ಣ ಬೇಕಾಗಿಲ್ಲ. ಎಷ್ಟು ಬೆಳಕಿದೆ ಅನ್ನೋದನ್ನ ಆ ಗಂಟಿಗೆ ವರದಿ ಮಾಡೋದು ಅದರ ಕೆಲಸ. ಇದು ಖಚಿತವಾದದ್ದು 2002ರಲ್ಲಿ, ಅಂದರೆ ನಾನು ಕಣ್ಣಿನ ಪಾಠ ಹದಿನೈದು ವರ್ಷ ಮಾಡಿಯಾದ ಮೇಲೆ. ಇದಕ್ಕೆ ನೀಲಿ ಬೆಳಕೆಂದರೆ ಜಾಸ್ತಿ ಚುರುಕು, ಬೆಳಗಿನ ಆಕಾಶದ ನೀಲಿ. ನೋಟ ಪೂರ್ತಿ ಹೋದ ಕೆಲವರಲ್ಲಿ ಈ ಕೋಶ ಇನ್ನೂ ಕೆಲಸ ಮಾಡುತ್ತಿರುತ್ತೆ. ಅವರಿಗೆ ಏನೂ ಕಾಣದಿದ್ದರೂ ಗಡಿಯಾರ ಸರಿಯಾಗಿ ನಡೆಯುತ್ತೆ. ಇದೂ ಹೋದವರಿಗೆ ಮಾತ್ರ ನಿದ್ದೆ ದಿನ ದಿನ ಸ್ವಲ್ಪ ಸ್ವಲ್ಪ ಮುಂದೆ ಜಾರುತ್ತಾ, ಕೆಲವು ವಾರ ಹಗಲಿಗೇ ಬಂದುಬಿಡುತ್ತೆ. ಸಿಫ್ರ್‌ನ ಗುಹೆ ಅವರ ಮನೆಯಲ್ಲೇ ಇದ್ದ ಹಾಗೆ.

ದಿನಾ ಗಡಿಯಾರ ಸರಿ ಮಾಡೋರು ಯಾರು ಅಂದೆನಲ್ಲ, ಈ ಬೆಳಕೇ. ಆದರೆ ಅದು ಮಾಡುವ ರೀತಿ ವಿಚಿತ್ರ. ಜೋಕಾಲಿಯನ್ನ ತಳ್ಳುವಾಗ ಅದು ನಿಮ್ಮ ಕಡೆ ಬರುತ್ತಿದ್ದರೆ ತಡೆಯುತ್ತೆ, ದೂರ ಹೋಗುತ್ತಿದ್ದರೆ ಇನ್ನೂ ಜೋರಾಗುತ್ತೆ, ತಳ್ಳಿದ್ದು ಒಂದೇ ರೀತಿ. ಹಾಗೆ ರಾತ್ರಿಯ ಮೊದಲ ಭಾಗದಲ್ಲಿ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನ ತಡ ಮಾಡುತ್ತೆ, ನಾಳೆಯ ನಿದ್ದೆ ಇನ್ನೂ ತಡ. ಬೆಳಗಿನ ಜಾವದಿಂದ ಈಚೆಗೆ ಬಿದ್ದ ಬೆಳಕು ಬೇಗ ಮಾಡುತ್ತೆ. ಆ ತಿರುವು ಇರೋದು ನಾವು ಏಳೋದಕ್ಕೆ ಸುಮಾರು ಎರಡು ಗಂಟೆ ಮೊದಲು, ಮೈಯ ಬಿಸಿ ಅತಿ ಕಮ್ಮಿ ಇರೋ ಹೊತ್ತಿನಲ್ಲಿ. ಈಗ ನಮ್ಮ ದಿನಚರಿ ನೋಡಿ. ಹಗಲೆಲ್ಲ ಕಚೇರಿಯಲ್ಲಿ, ಅಲ್ಲಿನ ಬೆಳಕು ಮುನ್ನೂರು, ನಾನೂರು ಲಕ್ಸ್ ಇದ್ದರೆ ಹೆಚ್ಚು, ಲಕ್ಸ್ ಅಂದರೆ ಬೆಳಕಿನ ಅಳತೆ. ಮೋಡ ಕವಿದ ಮಳೆಗಾಲದ ಹಗಲಲ್ಲೂ ಹೊರಗೆ ಹತ್ತು ಸಾವಿರದಷ್ಟಿರಬಹುದು. ಹಗಲು ಸಾಲದು, ರಾತ್ರಿ ಜಾಸ್ತಿ. 2013ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎಂಟು ಜನರನ್ನ ಒಂದು ವಾರ ಬೆಟ್ಟದಲ್ಲಿ ಡೇರೆ ಹಾಕಿ ಇರಿಸಿದರು, ಟಾರ್ಚೂ ಇಲ್ಲ, ಫೋನೂ ಇಲ್ಲ. ಅವರ ಒಳಗಿನ ಗಡಿಯಾರ ಸುಮಾರು ಎರಡು ಗಂಟೆ ಬೇಗಕ್ಕೆ ಬಂತು. ಅತಿ ತಡವಾಗಿ ಮಲಗುತ್ತಿದ್ದವರೂ ಉಳಿದವರ ಹತ್ತಿರಕ್ಕೆ ಬಂದರು. ಯಾರೂ ಅವರಿಗೆ ಶಿಸ್ತಿನ ಪಾಠ ಹೇಳಿರಲಿಲ್ಲ.

(ಕರೆಂಟ್ ಬಂತು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು.)

ಬರೀ ಗಡಿಯಾರದಿಂದ ನಿದ್ದೆ ಬರೋದಿಲ್ಲ. ಇನ್ನೊಂದು ಲೆಕ್ಕ ಇದೆ, ಸಾಲದ ಲೆಕ್ಕ. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಕೂಡುತ್ತಾ ಹೋಗುತ್ತೆ, ಮಲಗಿದಾಗ ತೀರುತ್ತೆ. ಕಾಫಿ ಮಾಡೋದು ಇಷ್ಟೇ, ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತೆ. ಸಾಲ ತೀರಲಿಲ್ಲ, ಸಾಲ ಕೊಟ್ಟವನು ಬಾಗಿಲು ಬಡಿಯೋದು ಕೇಳಿಸುತ್ತಿಲ್ಲ ಅಷ್ಟೇ. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧದಷ್ಟು ಕೆಫೀನು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಇರುತ್ತೆ. ನಾನು ಚಿಕ್ಕಮಗಳೂರಿನ ಅಳಿಯ, ಇದಕ್ಕಿಂತ ಜಾಸ್ತಿ ಕಾಫಿಯ ವಿರುದ್ಧ ಮಾತಾಡಲಾರೆ.

ಈ ಎರಡೂ ಲೆಕ್ಕ ಸೇರಿಸಿ ನೋಡಿದರೆ ದಿನದ ಕೆಲವು ಗುಟ್ಟು ಬಿಡುತ್ತವೆ. ಮಧ್ಯಾಹ್ನ ಜೊಂಪು ಹತ್ತೋದು ಮುದ್ದೆ ಊಟದಿಂದ ಅಂತ ನಾವು ಪಾಪ ಮುದ್ದೆಯನ್ನ ದೂರುತ್ತೇವೆ. ಊಟ ಬಿಟ್ಟವರಿಗೂ ಆ ಹೊತ್ತಿಗೆ ಮಂಕು ಬರುತ್ತೆ. ಸಂಜೆ ಏಳು ಎಂಟಕ್ಕೆ, ಸಾಲ ಇಷ್ಟೊಂದು ಕೂಡಿದ್ದರೂ, ಮತ್ತೆ ಚುರುಕಾಗುತ್ತೇವೆ, ಯಾಕಂದರೆ ಗಡಿಯಾರ ಆಗ ಪೂರ್ತಿ ಬಲ ಹಾಕಿ ಎಚ್ಚರ ಹಿಡಿದಿರುತ್ತೆ. ಬೆಳಗಿನ ಜಾವ ಮೂರರಿಂದ ಐದು, ಅದೇ ಅತಿ ಕೆಟ್ಟ ಹೊತ್ತು. ಸಾಲವೂ ಏರಿದೆ, ಗಡಿಯಾರವೂ ಕೈಬಿಟ್ಟಿದೆ, ಮೈ ತಣ್ಣಗಾಗಿದೆ. ರಾತ್ರಿ ಬಸ್ಸು ಓಡಿಸೋ ಚಾಲಕರನ್ನ ಕೇಳಿ, ಹನ್ನೆರಡು ಗಂಟೆ ಕಷ್ಟ ಅಲ್ಲ ಸಾರ್, ನಾಲ್ಕು ಗಂಟೆ ಕಷ್ಟ ಅನ್ನುತ್ತಾರೆ. ಕಣ್ಣು ತೆರೆದೇ ಇದ್ದು ಒಂದೆರಡು ಸೆಕೆಂಡು ಮೆದುಳು ಮಲಗಿಬಿಡುತ್ತೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಅಂದರೆ ನಲವತ್ತನಾಲ್ಕು ಮೀಟರು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಪ್ರಯೋಜನ ಇಲ್ಲ, ಬಸ್ಸು ನಿಲ್ಲಿಸಬೇಕು.

ಈಗ ನನ್ನ ಹಿಂದಿನ ಬೆಂಚಿನ ಹುಡುಗರಿಗೆ ಬರುತ್ತೇನೆ. ಹರೆಯ ಬಂದ ಕೂಡಲೇ ಗಡಿಯಾರ ತಡವಾಗುತ್ತೆ. ಇಪ್ಪತ್ತರ ಆಸುಪಾಸಿನಲ್ಲಿ ಅದು ಅತಿ ತಡ, ಹುಡುಗರಲ್ಲಿ ಹುಡುಗಿಯರಿಗಿಂತ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ ವಯಸ್ಸಾಗುತ್ತಾ ಬೇಗಕ್ಕೆ ಸರಿಯುತ್ತೆ, ಅದಕ್ಕೇ ನಾನೀಗ ನಾಲ್ಕೂವರೆಗೆ ಎದ್ದು ಹಾಲಿನವನಿಗೆ ಕಾಯುತ್ತಾ ಕೂರೋದು. ಹದಿನಾರರ ಹುಡುಗನಿಗೆ ಹತ್ತಕ್ಕೆ ಮಲಗು ಅಂದರೆ ಅವನ ಮೈಯಲ್ಲಿ ಅದು ಇನ್ನೂ ಸಂಜೆ. ಐದಕ್ಕೆ ಎಬ್ಬಿಸಿದರೆ ಅದು ನಡುರಾತ್ರಿ. ಅವನಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೈಸ್ಕೂಲು ಎಂಟೂವರೆಗಿಂತ ಮೊದಲು ಶುರುವಾಗಬಾರದು ಅಂದಿತು, ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನೇ ಆಯಿತು. ನಮ್ಮಲ್ಲಿ ಆರೂ ಕಾಲಿಗೆ ಟ್ಯೂಷನ್ನು.

ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತೆ ಅಂತ ಹೇಳುವವರು ಈ ಸಭೆಯಲ್ಲೂ ಇದ್ದೀರಿ, ನನಗೆ ಗೊತ್ತು. ನಾನು ಅದನ್ನ ಅಲ್ಲಗಳೆಯೋದಿಲ್ಲ. ಆದರೆ ಆ ಪದ್ಧತಿ ಮಾಡಿದವರು ಹೊತ್ತು ಮುಳುಗಿ ಎರಡು ಗಂಟೆಯಲ್ಲಿ ಮಲಗುತ್ತಿದ್ದರು. ಎಂಟೂವರೆಗೆ ಮಲಗಿ ನಾಲ್ಕೂವರೆಗೆ ಎದ್ದರೆ ಎಂಟು ಗಂಟೆ ನಿದ್ದೆ, ಯಾರಿಗೂ ತಕರಾರಿಲ್ಲ. ನಾವು ಏಳೋ ಹೊತ್ತನ್ನ ಮಾತ್ರ ಹಳೆಯದು ಇಟ್ಟುಕೊಂಡು, ಮಲಗೋ ಹೊತ್ತನ್ನ ಟಿವಿಗೆ ಕೊಟ್ಟಿದ್ದೇವೆ. ಪರೀಕ್ಷೆಯ ಹಿಂದಿನ ವಾರ ಮಗುವಿನ ನಿದ್ದೆ ಕತ್ತರಿಸಿ ಓದಿಸೋದು ನನ್ನ ಪ್ರಕಾರ ಶುದ್ಧ ದಡ್ಡತನ, ಓದಿದ್ದು ಗಟ್ಟಿಯಾಗೋದೇ ನಿದ್ದೆಯಲ್ಲಿ.

ಒಂದೇ ಮನೆಯಲ್ಲಿ ತಾತ ನಾಲ್ಕಕ್ಕೆ ಏಳೋದು, ಮೊಮ್ಮಗ ಒಂದಕ್ಕೆ ಮಲಗೋದು ಜಗಳಕ್ಕೆ ಕಾರಣ ಅಲ್ವಾ? ಟಾಂಜಾನಿಯಾದ ಹಡ್ಜಾ ಅನ್ನೋ ಬೇಟೆಯ ಜನರ ನಡುವೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಮೂವತ್ತಮೂರು ಜನರ ನಿದ್ದೆಯನ್ನ ಇಪ್ಪತ್ತು ದಿನ ಅಳೆದರು. ಅಷ್ಟೂ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದದ್ದು ಹದಿನೆಂಟು ನಿಮಿಷ ಮಾತ್ರ. ಯಾವಾಗ ನೋಡಿದರೂ ಯಾರೋ ಒಬ್ಬರು ಎಚ್ಚರ. ಸಿಂಹ ಓಡಾಡುವ ಜಾಗದಲ್ಲಿ ಇದು ಒಳ್ಳೆಯ ಏರ್ಪಾಡು. ಹುಡುಗರ ತಡವೂ ಮುದುಕರ ಬೇಗವೂ ಹೀಗೆ ಬಂದಿರಬಹುದು ಅನ್ನೋದು ಆ ಸಂಶೋಧಕರ ಊಹೆ. ನನಗೆ ಅದು ಮನಸ್ಸಿಗೆ ಹಿಡಿಸಿತು, ಮೊಮ್ಮಗನ ಮೇಲೆ ರೇಗೋದು ಕಮ್ಮಿ ಮಾಡಿದ್ದೇನೆ.

ನಮ್ಮ ಪಕ್ಕದ ಮನೆಯ ಹುಡುಗಿ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿ ಅಮೆರಿಕದ ಹೊತ್ತಿಗೆ ಕೆಲಸ ಮಾಡುತ್ತಾಳೆ. ಸಂಜೆ ಕ್ಯಾಬು ಬರುತ್ತೆ, ಬೆಳಗ್ಗೆ ಬಿಡುತ್ತೆ. ಎರಡು ವಾರ ರಾತ್ರಿ, ಆಮೇಲೆ ಎರಡು ವಾರ ಹಗಲು. ವೀಕಾಫಿನಲ್ಲಿ ಊರಿಗೆ ಬಂದಾಗ ಅವಳಮ್ಮ "ಮಧ್ಯಾಹ್ನ ಆದರೂ ಬಿದ್ದುಕೊಂಡಿರುತ್ತಾಳೆ ಸಾರ್, ಮದುವೆಯಾಗೋ ಹುಡುಗಿ" ಅಂತ ನನ್ನ ಹತ್ತಿರ ದೂರು. ಆ ಮಗು ಏನು ಮಾಡಬೇಕು? ರಾತ್ರಿ ಕೆಲಸ ಮುಗಿಸಿ ಬರುವಾಗ ಕ್ಯಾಬಿನ ಕಿಟಕಿಯಿಂದ ಏಳು ಗಂಟೆಯ ಸೂರ್ಯ ನೇರ ಕಣ್ಣಿಗೆ ಬೀಳುತ್ತೆ. ಅದು ಅವಳ ಗಡಿಯಾರಕ್ಕೆ ಈಗ ಹಗಲು ಅಂತ ಮತ್ತೆ ಮತ್ತೆ ಹೇಳುತ್ತೆ. ಎರಡು ವಾರದಲ್ಲಿ ಗಡಿಯಾರ ಪೂರ್ತಿ ತಿರುಗೋದಿಲ್ಲ, ಅರ್ಧ ತಿರುಗುವಷ್ಟರಲ್ಲಿ ಪಾಳಿ ಬದಲು. ಇದರ ಜೊತೆ ರಾತ್ರಿ ಎರಡಕ್ಕೆ ಕ್ಯಾಂಟೀನಿನ ಬಿರಿಯಾನಿ. ಲಿವರಿಗೆ, ಕರುಳಿಗೆ ಅವುಗಳದ್ದೇ ಗಡಿಯಾರ ಇದೆ, ಅವು ಬೆಳಕಿಗಿಂತ ಊಟವನ್ನ ನೋಡಿ ಹೊತ್ತು ತಿಳಿಯುತ್ತವೆ. ಮೆದುಳು ಒಂದು ಊರಿನ ಸಮಯದಲ್ಲಿ, ಲಿವರು ಇನ್ನೊಂದು ಊರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲೂ, ಮತ್ತೆ 2019ರಲ್ಲೂ, ರಾತ್ರಿ ಪಾಳಿಯನ್ನ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅನ್ನೋ ಪಟ್ಟಿಗೆ ಸೇರಿಸಿದೆ. ಹೆದರಿಸೋಕೆ ಹೇಳಿದ್ದಲ್ಲ. ಅವಳಿಗೆ ನಾನು ಹೇಳಿದ್ದು ಇಷ್ಟು: ಬರುವಾಗ ಕಪ್ಪು ಕನ್ನಡಕ ಹಾಕು, ಮಲಗೋ ಕೋಣೆಗೆ ದಪ್ಪ ಪರದೆ ಹಾಕಿಸು, ಊಟ ಪಾಳಿಗೆ ಮುಂಚೆ ಮುಗಿಸು. ಅವಳಮ್ಮನಿಗೆ ಹೇಳಿದ್ದು: ಹಗಲು ಅವಳು ಮಲಗಿದಾಗ ಮಿಕ್ಸಿ ಹಾಕಬೇಡಿ.

ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿ ಬಂದ ತಾಯಂದಿರು ಇಲ್ಲಿ ಮೂರು ನಾಲ್ಕು ಜನ ಇದ್ದೀರಿ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಸರಿಯುತ್ತೆ, ಅದಕ್ಕಿಂತ ಜೋರಾಗಿ ಅಲ್ಲ. ಅದಕ್ಕೇ ಮೊದಲ ವಾರ ರಾತ್ರಿ ಎರಡಕ್ಕೆ ಎದ್ದು ಹಸಿವಾಗಿ, ಸದ್ದಾಗದ ಹಾಗೆ ಉಪ್ಪಿಟ್ಟು ಮಾಡಿಕೊಂಡು ತಿಂದಿರುತ್ತೀರಿ. (ಒಬ್ಬರು "ಅವಲಕ್ಕಿ" ಅಂದರು. ಸರಿ, ಅವಲಕ್ಕಿ.) ಹಗಲಲ್ಲಿ ಸೋಫಾದ ಮೇಲೆ ಮಲಗೋ ಬದಲು ಹೊರಗೆ ಬಿಸಿಲಲ್ಲಿ ಓಡಾಡಿ, ಅಲ್ಲಿನ ಊಟದ ಹೊತ್ತಿಗೇ ಊಟ ಮಾಡಿ, ಬೇಗ ಹೊಂದಿಕೊಳ್ಳುತ್ತೆ.

ಮಾತು ಮುಗಿಸಿದ ಮೇಲೆ ಪ್ರಶ್ನೆ ಬಂದವು. ಒಬ್ಬ ಅಜ್ಜಿ, ಮೊಮ್ಮಗುವಿಗೆ ಎರಡು ತಿಂಗಳು, ಹಗಲು ಮಲಗುತ್ತೆ ರಾತ್ರಿ ಆಡುತ್ತೆ ಅಂದರು. ಎಳೆಗೂಸಿನ ಗಡಿಯಾರ ಇನ್ನೂ ಕೂಡಿಕೊಂಡಿರೋದಿಲ್ಲ, ಮೂರು ತಿಂಗಳ ಹೊತ್ತಿಗೆ ಲಯ ಹತ್ತುತ್ತೆ, ಹಗಲು ಬೆಳಕಲ್ಲಿ ಇಡಿ ರಾತ್ರಿ ದೀಪ ಕಮ್ಮಿ ಮಾಡಿ ಅಂದೆ. ಚಂದ್ರಶೇಖರನ್ ಅವರ ಇನ್ನೊಂದು ಪ್ರಯೋಗ ನೆನಪಾಗಿ ಅದನ್ನೂ ಹೇಳಿದೆ. 1985ರಲ್ಲಿ ಅವರೂ ವಿಶ್ವನಾಥನ್ ಅನ್ನೋರೂ ಇಲಿಮರಿಗಳ ಹತ್ತಿರ ತಾಯಿಯನ್ನ ಹನ್ನೆರಡು ಗಂಟೆ ಬಿಟ್ಟು, ಹನ್ನೆರಡು ಗಂಟೆ ತೆಗೆದು ನೋಡಿದರು. ಬೆಳಕಿನ ಬದಲಾವಣೆ ಏನೂ ಇಲ್ಲ. ಮರಿಗಳು ತಾಯಿ ಬಂದು ಹೋಗುವ ಹೊತ್ತನ್ನೇ ಹಿಡಿದು ತಮ್ಮ ಗಡಿಯಾರ ಕೂಡಿಸಿಕೊಂಡವು. ಅಜ್ಜಿ ಕೇಳಿದರು: "ಹಂಗಾರೆ ಇಲಿಗೂ ಅಮ್ಮನೇ ಹೊತ್ತು ಅನ್ನಿ."

ಕೊನೆಯ ಪ್ರಶ್ನೆ ಊರ ಹೊರಗಿನ ಕಡೆಯಿಂದ ಬಂದ ಒಬ್ಬರದ್ದು. "ಸಾರ್, ನೀವು ಕೋಳಿ ಲೆಕ್ಕ ಹಾಕಿ ಕೂಗುತ್ತೆ ಅಂದ್ರಿ. ನಮ್ಮನೆ ಹುಂಜ ಈಗೊಂದು ವರ್ಷದಿಂದ ರಾತ್ರಿ ಒಂದಕ್ಕೂ ಕೂಗುತ್ತೆ, ಎರಡಕ್ಕೂ ಕೂಗುತ್ತೆ. ಅಪಶಕುನ ಅಂತ ನಮ್ಮವ್ವ ಅದನ್ನ ಕೊಯ್ದು ಹಾಕು ಅಂತಿದ್ದಾಳೆ." ಹುಂಜಕ್ಕೆ ಏನಾದರೂ ಸದ್ದು, ಬೆಳಕು ತಾಗಿದರೂ ಕೂಗುತ್ತೆ, ಪಕ್ಕದಲ್ಲಿ ಇನ್ನೊಂದು ಕೂಗಿದರೂ ಕೂಗುತ್ತೆ ಅಂದೆ. ಗೂಡು ಎಲ್ಲಿದೆ ಅಂತ ಕೇಳಿದೆ. ಮನೆ ಮುಂದಿನ ಅಂಗಳದಲ್ಲಿ ಅಂದರು. ಅಂಗಳದಲ್ಲಿ ಬೆಳಕೇನಾದರೂ ಇದೆಯಾ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಹೇಳಿದರು, ಹೋದ ವರ್ಷ ಸರ್ಕಲ್ಲಿನಲ್ಲಿ ಹೈಮಾಸ್ಟ್ ದೀಪ ಹಾಕಿದ್ದಾರೆ ಸಾರ್, ನಮ್ಮಂಗಳದಲ್ಲಿ ರಾತ್ರಿ ಸೂಜಿ ಬಿದ್ದರೂ ಕಾಣುತ್ತೆ. ಗೂಡಿಗೆ ಒಂದು ಗೋಣಿಚೀಲ ಮುಚ್ಚಿ ನೋಡಿ, ಕೊಯ್ಯೋದನ್ನ ಒಂದು ವಾರ ಮುಂದೂಡಿ ಅಂದೆ. ಹದಿನೈದು ದಿನ ಆಯಿತು, ಅವರಿಂದ ಇನ್ನೂ ಸುದ್ದಿ ಇಲ್ಲ.